ಗೇಟಿಗೆ ಯಾರು ಬರುತ್ತಾರೆ?

ವಿಶಾಖಪಟ್ಟಣ
16 ಜೂನ್ 2025

ಸುಮಂತ್,

ಕರ್ತನ ಸಮಾಧಾನ ನಿನ್ನೊಂದಿಗಿರಲಿ ಎಂದು ಮೊದಲು ಬರೆಯಬೇಕು. ನನಗೇ ಸಮಾಧಾನ ಇಲ್ಲ, ನಿನಗೆ ಎಲ್ಲಿಂದ ಕೊಡಲಿ?

ಫೋನ್ ಯಾಕೆ ಮಾಡಲಿಲ್ಲ ಅಂದರೆ, ನಾನು ದನಿ ಏರಿಸಿದ ಕೂಡಲೇ ನೀನು "ಅತ್ತೆ, ಸಿಗ್ನಲ್ ಇಲ್ಲ" ಎಂದು ಇಟ್ಟುಬಿಡುತ್ತೀ. ಪತ್ರಕ್ಕೆ ಸಿಗ್ನಲ್ ಬೇಕಿಲ್ಲ. ಕೂತು ಓದು. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ಇರಲಿ. ನಿನಗೆ ಕನ್ನಡ ಅಕ್ಷರ ತಿದ್ದಿಸಿದವಳೂ ನಾನೇ.

ಶನಿವಾರ ನಿಮ್ಮ ಚಾನಲ್ಲಿನ ನಗೆ ಕಾರ್ಯಕ್ರಮಕ್ಕೆ ಎದುರು ಮನೆಯ ಸೂರ್ಯಕಾಂತಮ್ಮ ಅತ್ತಿಗೆ ಬಾ ಬಾ ಎಂದು ತನ್ನ ತೆಲುಗಿನಲ್ಲಿ ನನ್ನನ್ನು ಕೂಗಿ ಕರೆದಳು. "ವದಿನಾ, ರಾ ರಾ, ನಿಮ್ಮ ಸುಮಂತ್ ಚಾನಲ್!" ನೀನು ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅವಳಿಗೆ ಬೇರೆ ಚಾನಲ್ಲೇ ಇಲ್ಲ. ನಾನು ಕಾಫಿ ಲೋಟ ಹಿಡಿದುಕೊಂಡೇ ಹೋದೆ.

ಒಬ್ಬ ಗಂಡಸು ಬಿಳಿ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಚರ್ಚಿನ ಮುದುಕಿ ಆಗಿದ್ದ. ರೊಟ್ಟಿ, ದ್ರಾಕ್ಷಾರಸ ಹಂಚಿ ಕರ್ತನ ಭೋಜನ ಮುಗಿದ ಮೇಲೆ ಒಳಕೋಣೆಗೆ ಹೋಗಿ, ತಟ್ಟೆಯಲ್ಲಿ ಉಳಿದ ದ್ರಾಕ್ಷಾರಸದ ಪುಟ್ಟ ಲೋಟ ಎತ್ತಿ ಗಟಗಟ ಕುಡಿದ. ನಾನು ಅಷ್ಟಕ್ಕೇ ಎದ್ದು ಬಂದೆ. ಮುಂದಿನದನ್ನು ಸೂರ್ಯಕಾಂತಮ್ಮ ಹೇಳಿದಳು: ಮುದುಕಿಗೆ ನಿಶೆ ಏರಿತಂತೆ, ತೂರಾಡುತ್ತ ಹೊರಗೆ ಬಂದು "ಹಲ್ಲೆಲೂಯಾ" ಎಂದು ಪಾದ್ರಿಯ ಮೇಲೆ ಬಿದ್ದಳಂತೆ.

ಅದು ಉಳಿದರೆ ಚೆಲ್ಲುವಂತಿಲ್ಲ, ಯಾರಾದರೂ ಕುಡಿದು ಮುಗಿಸಬೇಕು. ಇದು ನಿನಗೆ ಹೇಳಿಕೊಡಬೇಕೆ? ಇಲ್ಲಿ ನಮ್ಮ ಕನ್ನಡ ಸಭೆಯಲ್ಲಿ ಆ ಕೆಲಸ ನಿನ್ನ ಮಾವ ತೀರಿಕೊಂಡ ವರ್ಷದಿಂದ ನನ್ನದು. ದ್ರಾಕ್ಷಿ ಕುದಿಸುವವಳೂ ನಾನೇ. ದ್ರಾಕ್ಷಿ, ಸಕ್ಕರೆ, ನೀರು. ಅದರಲ್ಲಿ ನಿಶೆ ಎಲ್ಲಿಂದ ಬರಬೇಕು, ನಿಮ್ಮ ಚಾನಲ್ಲಿನವರ ತಲೆಯಿಂದಲೇ?

ಸಂಕ್ರಾಂತಿ ಹೊತ್ತಿಗೆ ಇದೇ ಕಾರ್ಯಕ್ರಮ ಗುಡಿಯ ಪ್ರಸಾದದ ಬಗ್ಗೆ ಏನೋ ಹಗುರಾಗಿ ಆಡಿತ್ತು. ಸೂರ್ಯಕಾಂತಮ್ಮ ಊಟ ಬಿಟ್ಟು ಕೂತಳು. ನಾನೂ ಅವಳ ಜೊತೆ ಕೂತು ನಿಮ್ಮವರನ್ನು ಬೈದೆ. ಎರಡು ದಿನ ಟೀವಿಯ ಕೆಳಗೆ ಕ್ಷಮೆಯ ಸಾಲು ಓಡಿತು, ನಿರೂಪಕಿ ಕೈ ಮುಗಿದಳು. ಸರಿಯಾಗೇ ಮಾಡಿದರು. ನಾನು ಕೇಳುವುದು ಇಷ್ಟು: ಅದೇ ಸಾಲು ನಮಗೆ ಯಾವಾಗ? ಆ ಸಾಲು ಟೈಪ್ ಮಾಡುವುದು ನಿನ್ನ ಕೆಲಸವೇ ಅಲ್ಲವೆ?

ಇನ್ನೊಂದು. ಇದನ್ನು ಬರೆದ ಮುಠ್ಠಾಳ ಯಾರು? ಹೆಸರು ಕಳಿಸು.

ಸುಲೋಚನತ್ತೆ

ಅನಕಾಪಲ್ಲಿಯ ಬೆಲ್ಲ ನಿನಗೆಂದು ತಂದಿಟ್ಟಿದ್ದೇನೆ. ಹೆಸರು ಬಂದ ಮೇಲೆ ಬೆಲ್ಲ ಬರುತ್ತದೆ.


ವಿಜಯವಾಡ
25 ಜೂನ್ 2025

ಅತ್ತೆಗೆ ನಮಸ್ಕಾರ.

ನಿಮ್ಮ ಪತ್ರ ಆಫೀಸಿಗೆ ಬಂತು. ಮೇಲೆ ಕನ್ನಡ ಅಕ್ಷರ ನೋಡಿ ಎಲ್ಲರೂ "ಏಂ ಭಾಷ ರಾ ಇದಿ?" ಎಂದು ಕೇಳಿದರು. ದಯವಿಟ್ಟು ಇನ್ನು ರೂಮಿನ ವಿಳಾಸಕ್ಕೆ ಬರೆಯಿರಿ. ನಾನು ಕನ್ನಡ ಬರೆದು ಬಹಳ ದಿನ ಆಯಿತು, ನಗಬೇಡಿ.

ಅತ್ತೆ, ಅದು ಕಾಮಿಡಿ. ಯಾರನ್ನೂ ನೋಯಿಸಬೇಕೆಂದು ಅಲ್ಲ. ಸ್ಕ್ರಿಪ್ಟ್ ಒಬ್ಬರೇ ಬರೆಯುವುದಿಲ್ಲ. ನಾಲ್ಕೈದು ಜನ ಕೂತು ಮಾತಾಡುತ್ತಾರೆ, ಯಾರ ಮಾತು ಎಲ್ಲಿ ಸೇರಿತು ಅಂತ ಹೇಳಲಿಕ್ಕೆ ಆಗುವುದಿಲ್ಲ. ಹೆಸರು ಕೇಳಿದರೆ ನಾನು ಏನು ಕಳಿಸಲಿ?

ಕೆಳಗಿನ ಸಾಲು ನಾನು ಟೈಪ್ ಮಾಡುತ್ತೇನೆ, ನಿಜ. ಯಾವ ಸಾಲು ಹೋಗಬೇಕು ಎಂಬುದು ಪ್ರೊಡ್ಯೂಸರ್ ವೆಂಕಟೇಶ ಗಾರು ಹೇಳಬೇಕು. ಇಲ್ಲಿ ಕೆಲಸ ಹೇಗೆ ನಡೆಯುತ್ತದೆ ಗೊತ್ತಾ? ಪ್ರತಿ ಸ್ಕ್ರಿಪ್ಟ್ ಬಂದಾಗ ಅವರು ಕೇಳುವುದು ಒಂದೇ ಪ್ರಶ್ನೆ. "ಗೇಟಿಗೆ ಯಾರು ಬರುತ್ತಾರೆ?" ಜನ ಬರುತ್ತಾರೆ, ಗಾಜು ಒಡೆಯುತ್ತಾರೆ ಅಂದರೆ ಆ ಜೋಕ್ ತೆಗೆಯುತ್ತಾರೆ. ಇದಕ್ಕೆ ಕೇಳಿದಾಗ, "ಎವರೂ ರಾರು, ಯಾರೂ ಬರುವುದಿಲ್ಲ, ಪ್ರಾರ್ಥನೆ ಮಾಡಿಕೊಂಡು ಸುಮ್ಮನಾಗುತ್ತಾರೆ, ಕ್ಷಮಿಸುವ ಜನ" ಎಂದು ಎಲ್ಲರೂ ಹೇಳಿದರು. ಓಕೆ ಆಯಿತು. ದ್ವೇಷ ಏನೂ ಇಲ್ಲ ಅತ್ತೆ. ಒಂದು ರೀತಿಯಲ್ಲಿ ಅದು ನಮ್ಮವರಿಗೆ ಹೊಗಳಿಕೆಯೇ.

ಕೋಪ ಬಿಡಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾ ಇದ್ದೀರಾ?

ಸುಮಂತ್


ವಿಶಾಖಪಟ್ಟಣ
30 ಜೂನ್ 2025

ಸುಮಂತ್,

ಮಾತ್ರೆ ನುಂಗಿಯೇ ಬರೆಯುತ್ತಿದ್ದೇನೆ. ಅದಕ್ಕೂ ಈ ಸಿಟ್ಟು ತಡೆಯಲು ಆಗಲಿಲ್ಲ.

ಹೊಗಳಿಕೆಯಂತೆ! ಕ್ಷಮಿಸುವುದು ನನ್ನ ಕೆಲಸ, ಮಾಡುತ್ತೇನೆ. ಇವಳು ಹೇಗೂ ಕ್ಷಮಿಸುತ್ತಾಳೆ ಎಂದು ಮೊದಲೇ ಲೆಕ್ಕ ಹಾಕಿ ಮುಖಕ್ಕೆ ಉಗುಳುವುದು ಯಾರ ಕೆಲಸ? ಬೀಗ ಹಾಕಿದ ಮನೆಯ ಮುಂದೆ ಕೈ ಮುಗಿದು ಹೋಗಿ, ಬಾಗಿಲು ತೆರೆದಿಟ್ಟವರ ಮನೆಗೆ ನುಗ್ಗಿ ಹೊಲಸು ಮಾಡುವುದು ಧೈರ್ಯವೇನೋ? ನಿಮ್ಮ ವೆಂಕಟೇಶ ಗಾರು ಕಲ್ಲಿಗೆ ಹೆದರುತ್ತಾನೆ, ಅಷ್ಟೇ. ಹೆದರಿಕೆಗೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದಾನೆ.

ನಮ್ಮನ್ನು ನೋಡಿ ನಗಬಾರದು ಎಂದು ನಾನು ಹೇಳುತ್ತಿಲ್ಲ. ಮೈಕು ಬಾಯಿಗೆ ತುರುಕಿಕೊಂಡು ಕಿರುಚುವ ಬೋಧಕರನ್ನು ಕಂಡು ನಾನೇ ನಗುತ್ತೇನೆ. ನಮ್ಮ ಕೊಯರ್ ಹಾಡುವುದನ್ನು ಕೇಳಿದರೆ ನೀವೂ ನಗಬಹುದು, ಬಂದು ನಗಿ. ಆ ತಟ್ಟೆಯೊಂದನ್ನು ಬಿಡಿ. ಪ್ರಸಾದದ ತಟ್ಟೆ ಬಿಟ್ಟಿರಲ್ಲ, ಹಾಗೆ.

ಪೇಪರಿನವರೂ ನಿಮ್ಮ ಅಣ್ಣತಮ್ಮಂದಿರೇ. ಸೂರ್ಯಕಾಂತಮ್ಮನ ಮನೆಯಲ್ಲಿ ಹಳೆಯ ಪೇಪರ್ ಕಟ್ಟಿಡುತ್ತಾರೆ. ಜನವರಿಯಲ್ಲಿ ಒಬ್ಬ ಮೀಸೆಯವನು ಬರೆದಿದ್ದ: "ನಂಬಿಕೆಯ ಅಂಗಳಕ್ಕೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು." ಓದಿ ನಾನೂ ಭೇಷ್ ಎಂದಿದ್ದೆ. ಮೊನ್ನೆ ಅದೇ ಮೀಸೆ, ಅದೇ ಫೋಟೋ: "ತನ್ನನ್ನು ನೋಡಿ ನಗಲಾರದ ನಂಬಿಕೆ ಬಡವಾದದ್ದು." ಎರಡನ್ನೂ ಅಕ್ಕಪಕ್ಕ ಇಟ್ಟು ಸೂರ್ಯಕಾಂತಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಓದಿ ಹೇಳಿದಳು, "ಆಗ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟವ ಈಗ ನಿನ್ನ ಅಡುಗೆಮನೆಗೆ ಬೂಟು ಹಾಕ್ಕೊಂಡು ಬಂದಿದ್ದಾನೆ ನೋಡು ವದಿನಾ!" ನನ್ನ ದೇವರಿಗೆ ಅವಳು ಕೈ ಮುಗಿಯುವುದಿಲ್ಲ, ಅವಳ ದೇವರಿಗೆ ನಾನು ಮುಗಿಯುವುದಿಲ್ಲ. ಆದರೆ ನ್ಯಾಯ ಅವಳಿಗೆ ತಿಳಿಯಿತು. ಡಿಗ್ರಿ ಮಾಡಿದ ನಿನಗೆ ತಿಳಿಯಲಿಲ್ಲ.

ಚಾನಲ್ಲಿಗೆ ನಾನೇ ಪತ್ರ ಬರೆದಿದ್ದೇನೆ. ಸೂರ್ಯಕಾಂತಮ್ಮನ ಮೊಮ್ಮಗಳು ಜಾಹ್ನವಿ ತೆಲುಗಿನಲ್ಲಿ ಬರೆದುಕೊಟ್ಟಳು. ನಿನ್ನ ಹೆಸರು ಹಾಕಿಲ್ಲ. ಜವಾಬು ಬರದಿದ್ದರೆ ಗೇಟಿಗೆ ಯಾರು ಬರುತ್ತಾರೆ ಎಂದು ನಿಮ್ಮ ಪ್ರೊಡ್ಯೂಸರಿಗೆ ತೋರಿಸುತ್ತೇನೆ.

ಸುಲೋಚನತ್ತೆ


ವಿಶಾಖಪಟ್ಟಣ
10 ಜುಲೈ 2025

ಸುಮಂತ್,

ನಿನ್ನಿಂದಲೂ ಜವಾಬಿಲ್ಲ, ಚಾನಲ್ಲಿನಿಂದಲೂ ಇಲ್ಲ. ಮಾತಾಡಿಕೊಂಡು ಸುಮ್ಮನಿದ್ದೀರೋ?

ತಿಂಗಳ ಮೊದಲ ಭಾನುವಾರ, ಕರ್ತನ ಭೋಜನದ ದಿನ, ಬಂದು ಹೋಯಿತು. ಈ ಸಲ ನಾನು ದ್ರಾಕ್ಷಿ ಕುದಿಸಲಿಲ್ಲ, ಒಳಕೋಣೆಗೂ ಹೋಗಲಿಲ್ಲ. ಮೊಣಕಾಲು ನೋವು. ಸ್ಟೀಲ್ ಪ್ಲಾಂಟಿನ ಮೃಣಾಲಿನಿ ಅಂಗಡಿಯಿಂದ ಬಾಟಲಿ ರಸ ತಂದಿದ್ದಳು. ಉಳಿದದ್ದನ್ನು ಅವಳೇ ಮುಗಿಸಿದಳು. ಒಳ್ಳೆಯ ಹುಡುಗಿ, ಆದರೆ ಅವಸರ. ಅರ್ಧ ಲೋಟಗಳಲ್ಲಿ ಹನಿ ಹಾಗೇ ಇತ್ತು.

ಹಿಂದಿನ ಸಾಲಿನಲ್ಲಿ ಕೂತ ಹುಡುಗರು ಕುಡಿದ ಲೋಟವನ್ನು ಬೆಂಚಿನ ಮೇಲೆ ಬೋರಲು ಹಾಕಿ, ನನ್ನ ಕಡೆ ನೋಡಿ, ಕಿಸಿಕಿಸಿ ನಗುತ್ತಿದ್ದರು. ಇದೇನು ಹೊಸ ಚಾಳಿಯೋ. ಕಣ್ಣು ಬಿಟ್ಟು ನೋಡಿದೆ, ಸುಮ್ಮನಾದರು.

ಬರೆ.

ಸುಲೋಚನತ್ತೆ


ವಿಜಯವಾಡ
17 ಜುಲೈ 2025

ಅತ್ತೆಗೆ ನಮಸ್ಕಾರ.

ಮೊಣಕಾಲು ಎಂದು ಓದಿ ಬೇಜಾರಾಯಿತು. ಮೊಣಕಾಲಿಗೆ ಹಾಕುವ ಪಟ್ಟಿ ಒಂದು ಕೊರಿಯರ್ ಮಾಡಿದ್ದೇನೆ, ಒಳ್ಳೆಯ ಕಂಪನಿಯದು. ಕುದಿಸುವ ಕೆಲಸ ಬೇರೆಯವರು ವಹಿಸಿಕೊಂಡದ್ದು ಒಳ್ಳೆಯದೇ ಆಯಿತು. ಎಷ್ಟು ವರ್ಷ ಅಂತ ಮಾಡುತ್ತೀರಿ? ರೆಸ್ಟ್ ತೆಗೆದುಕೊಳ್ಳಿ.

ನಿಮ್ಮ ಪತ್ರ ಮೀಟಿಂಗಿನಲ್ಲಿ ಓದಿದರು. ವೆಂಕಟೇಶ ಗಾರಿಗೆ ಬಹಳ ಇಷ್ಟವಾಯಿತು. ಕ್ಷಮೆಯ ವಿಷಯ ಅಲ್ಲ. "ಈ ಮಾಮ್ಮಗಾರನ್ನು ಸ್ಟುಡಿಯೋಗೆ ಕರೆಸೋಣ, 'ನಂಬಿಕೆ ದೊಡ್ಡದೋ ನಗು ದೊಡ್ಡದೋ' ಅಂತ ಡಿಬೇಟ್ ಮಾಡೋಣ, ಸಿಟ್ಟಿನ ಅಜ್ಜಿ ಸಿಕ್ಕರೆ ಒಂದು ವಾರ ಓಡುತ್ತದೆ" ಎಂದರು. ಆ ಅಮ್ಮನಿಗೆ ಆರೋಗ್ಯ ಸರಿ ಇಲ್ಲವಂತೆ ಎಂದು ನಾನು ತಪ್ಪಿಸಿದೆ. ನೀವು ನನ್ನ ಅತ್ತೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಅತ್ತೆ, ಗೇಟಿಗೆ ಬರಬೇಡಿ. ಕಾಲಿಗೆ ಬಿದ್ದು ಕೇಳುತ್ತೇನೆ. ಆಗಸ್ಟಿನಲ್ಲಿ ನನ್ನನ್ನು ಪರ್ಮನೆಂಟ್ ಮಾಡುತ್ತಾರೆ. ಅಲ್ಲಿಯವರೆಗೆ ಸುಮ್ಮನಿರಿ.

ಸುಮಂತ್


ವಿಶಾಖಪಟ್ಟಣ
22 ಜುಲೈ 2025

ಸುಮಂತ್,

ಪಟ್ಟಿ ಬಂತು. ವಾಪಸು ಕಳಿಸಿದ್ದೇನೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ.

ಜುಲೈ ಮೊದಲ ಭಾನುವಾರಕ್ಕೆ ಮುಂಚೆ ಸಭಾಪಾಲಕರು ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತರು. "ಅವ್ವಾರ, ಒಂದ್ ನಾಕ್ ತಿಂಗಳು ಒಳಗಿನ ಕೆಲಸ ಬ್ಯಾರೆದವ್ರು ಮಾಡ್ಲಿ. ಹುಡುಗೂರು ಆ ವಿಡಿಯೋ ನೋಡ್ಯಾರ, ನಿಮ್ಮನ್ನ ನೋಡಿದ ಕೂಡಲೇ ನಗ್ತಾರ. ಭೋಜನದ ಹೊತ್ತಿನಾಗ ನಗು ಬ್ಯಾಡ" ಎಂದರು. "ನಕ್ಕವರನ್ನ ಹೊರಗ ಹಾಕ್ರಿ, ನನ್ನನ್ಯಾಕ?" ಎಂದು ಕೇಳಿದೆ. ನೆಲ ನೋಡಿದರು. ಅವರೂ ಒಳ್ಳೆಯವರೇ. ಒಳ್ಳೆಯವರೆಲ್ಲ ನೆಲ ನೋಡುತ್ತಾರೆ.

ಹುಡುಗರು ಲೋಟ ಯಾಕೆ ಬೋರಲು ಹಾಕಿದರು ಎಂದು ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನೆ ಜಾಹ್ನವಿಯ ಫೋನಿನಲ್ಲಿ ಅದನ್ನು ಪೂರ್ತಿ ನೋಡಿದೆ. ಎದ್ದು ಬರಲಿಲ್ಲ. ಆ ಬಿಳಿ ಸೀರೆಯವನು ಮೇಜಿನ ಮೇಲೆ ಟವೆಲ್ ಹಾಸುತ್ತಾನೆ. ಒಂದೊಂದು ಲೋಟ ಕುಡಿದು, ಟವೆಲಿನ ಮೇಲೆ ಬೋರಲು ಹಾಕಿ, ತಳಕ್ಕೆ ಬೆರಳಿನಿಂದ ಮೆಲ್ಲಗೆ ಒಂದು ತಟ್ಟು ತಟ್ಟುತ್ತಾನೆ.

ಹಾಗೆ ಮಾಡಬೇಕೆಂದು ಯಾವ ಆರಾಧನೆಯ ಪುಸ್ತಕದಲ್ಲೂ ಇಲ್ಲ. ಕೊನೆಯ ಹನಿಯೂ ಲೋಟದಲ್ಲಿ ಉಳಿಯಬಾರದು ಎಂದು ನಾನು ಮಾಡಿಕೊಂಡ ಅಭ್ಯಾಸ. ಒಳಕೋಣೆಯ ಬಾಗಿಲು ಹಾಕಿರುತ್ತದೆ. ಅದನ್ನು ನೋಡಿದವನು ಒಬ್ಬನೇ. ತಾಯಿ ಸತ್ತ ವರ್ಷ ನನ್ನ ಸೆರಗು ಬಿಡದೆ, ಆರಾಧನೆಯಲ್ಲೂ ಬಿಡದೆ, ಒಳಕೋಣೆಯ ಟ್ರಂಕಿನ ಮೇಲೆ ಕಾಲು ಇಳಿಬಿಟ್ಟು ಕೂತು, "ಅತ್ತೆ, ಯಾಕೆ ತಟ್ಟುತ್ತೀ?" ಎಂದು ಕೇಳುತ್ತಿದ್ದವನು.

ಹೆಸರು ಕಳಿಸು ಎಂದು ನಿನ್ನನ್ನೇ ಕೇಳಿದೆ ನೋಡು. ದಡ್ಡಿ ನಾನು.

ಇನ್ನು ನೀನು ಸುಮ್ಮನಿರು ಎಂದರೆ ನಾನು ಸುಮ್ಮನಿರುವುದಿಲ್ಲ. ಗುರುವಾರ 31ಕ್ಕೆ ನಾನೂ ಸೂರ್ಯಕಾಂತಮ್ಮನೂ ಬೆಳಗಿನ ರೈಲಿಗೆ ಬರುತ್ತೇವೆ. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಅದು ನಿನ್ನ ಕೆಲಸ ಉಳಿಸಲಿಕ್ಕೆ ಅಲ್ಲ. ನನ್ನ ಬಾಯಿ ಹೊಲಸಾಗಬಾರದು ಎಂದು.

ಸುಲೋಚನಾ


ವಿಜಯವಾಡ
4 ಆಗಸ್ಟ್ 2025

ಅತ್ತೆ,

ಪತ್ರದ ಕೆಳಗೆ 'ಸುಲೋಚನಾ' ಎಂದಷ್ಟೇ ಬರೆದಿದ್ದೀರಿ. ಅತ್ತೆ ಎಂದು ಬರೆಯಲಿಲ್ಲ. ಅದನ್ನೇ ಎಷ್ಟೋ ಸಲ ನೋಡಿದೆ.

ಬರೆದದ್ದು ನಾನೇ. ಆ ಟೇಬಲ್ಲಿನಲ್ಲಿ ಎಲ್ಲರೂ ಒಂದೊಂದು ಹೇಳುತ್ತಿದ್ದರು. ನಾನು ಟೀವಿಯ ಕೆಳಗಿನ ಸಾಲು ಓಡಿಸುವ ಸ್ಕ್ರೋಲ್ ಹುಡುಗ, ನನ್ನ ಮಾತಿಗೆ ಯಾರೂ ನಗುತ್ತಿರಲಿಲ್ಲ. ಅವತ್ತು ಎದ್ದು ನಿಂತು ಟವೆಲ್ ಹಾಸಿ, ಲೋಟ ಬೋರಲು ಹಾಕಿ ತಟ್ಟಿ ತೋರಿಸಿದೆ. ವೆಂಕಟೇಶ ಗಾರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೇಟಿಗೆ ಯಾರು ಬರುತ್ತಾರೆ ಎಂದು ಅವರು ಕೇಳಿದಾಗ "ಎವರೂ ರಾರು ಸಾರ್" ಎಂದವನೂ ನಾನೇ. ನಮ್ಮವರಲ್ಲವಾ, ನನಗೆ ಗೊತ್ತು ಎಂದುಕೊಂಡೆ.

ಗುರುವಾರ ಎರಡನೇ ಮಹಡಿಯ ಕಿಟಕಿಯಿಂದ ನಿಮ್ಮನ್ನು ನೋಡಿದೆ. ಬಿಳಿ ಸೀರೆ. ಸೂರ್ಯಕಾಂತಮ್ಮ ಗಾರು ಫ್ಲಾಸ್ಕಿನಿಂದ ನಿಮಗೆ ಕಾಫಿ ಬಗ್ಗಿಸುತ್ತಿದ್ದರು. ಘೋಷಣೆ ಇಲ್ಲ, ಬೋರ್ಡ್ ಇಲ್ಲ. ಆ ಬಿಸಿಲಿನಲ್ಲಿ ಇಬ್ಬರೂ ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದಿರಿ. ನಾನು ಕೆಳಗೆ ಇಳಿಯಲಿಲ್ಲ. ಲಿಫ್ಟ್‌ವರೆಗೆ ಬಂದು ವಾಪಸು ಹೋದೆ.

ಸಂಜೆ ಗಾರ್ಡ್ ನನಗೆ ಹೇಳಿದ. "ಒಳಗೆ ಗೊತ್ತಿರುವವರು ಯಾರಾದರೂ ಇದ್ದಾರಾ ಅಮ್ಮಾ, ಕರೆಯುತ್ತೇನೆ" ಎಂದು ಅವನು ಕೇಳಿದನಂತೆ. ನೀವು "ಎವರೂ ಲೇರು" ಅಂದಿರಂತೆ. ಯಾರೂ ಇಲ್ಲ.

ವೆಂಕಟೇಶ ಗಾರು ಕ್ಯಾಮೆರಾ ಕಳಿಸಿದಾಗ ನೀವು ಹೇಳಿದ್ದು ಫೂಟೇಜಿನಲ್ಲಿ ನೋಡಿದೆ. "ನನ್ನ ಪಕ್ಕದಲ್ಲಿ ಕೂತಿದ್ದಾಳಲ್ಲ, ಇವಳಿಗೆ ಕೇಳಿದ ಕ್ಷಮೆಯನ್ನೇ ನನಗೂ ಕೇಳಿ. ಹೆಚ್ಚು ಬೇಡ, ಕಡಿಮೆ ಬೇಡ. ನಾನು ಕಲ್ಲು ತಂದಿಲ್ಲ. ಕಲ್ಲು ತಂದರೆ ಮಾತ್ರ ಕೊಡುತ್ತೀರಿ ಅಂದರೆ ಅದನ್ನೂ ಬಾಯಿ ಬಿಟ್ಟು ಹೇಳಿ, ಊರಿಗೆ ಗೊತ್ತಾಗಲಿ." ಅದನ್ನು ಪ್ರಸಾರ ಮಾಡಲಿಲ್ಲ. ಜಗಳ ಸಾಕಾಗುವಷ್ಟು ಇಲ್ಲ ಎಂದರು.

ಶನಿವಾರ ಸಂಜೆ ಅದೇ ಕಾರ್ಯಕ್ರಮ ಓಡುತ್ತಿತ್ತು. ಸ್ಕ್ರೋಲ್ ನನ್ನ ಕೈಯಲ್ಲಿತ್ತು. ಯಾರನ್ನೂ ಕೇಳದೆ ಟೈಪ್ ಮಾಡಿದೆ. "ಕರ್ತನ ಭೋಜನವನ್ನು ಹಾಸ್ಯ ಮಾಡಿ ಬರೆದವನು ಕ್ಷಮೆ ಕೇಳುತ್ತಾನೆ." ತೆಲುಗಿನಲ್ಲಿ. ಎರಡು ಸುತ್ತು ಹೋಯಿತು, ಆಮೇಲೆ ಯಾರೋ ಓಡಿ ಬಂದು ತೆಗೆದರು. ಅಲ್ಲಿಯೇ ನನ್ನ ಐಡಿ ಕಾರ್ಡ್ ಬಿಚ್ಚಿಸಿಕೊಂಡರು. ಪರ್ಮನೆಂಟ್ ಮಾತು ಮುಗಿಯಿತು.

ನೀವು ನೋಡಿದಿರಾ? ಅದೊಂದು ಹೇಳಿ.

ಸುಮಂತ್


ವಿಶಾಖಪಟ್ಟಣ
11 ಆಗಸ್ಟ್ 2025

ಸುಮಂತ್,

ನೋಡಲಿಲ್ಲ. ಆ ಕಾರ್ಯಕ್ರಮ ನಾನ್ಯಾಕೆ ನೋಡಲಿ? ಸೊಪ್ಪು ಬಿಡಿಸುತ್ತಿದ್ದೆ. ಸೂರ್ಯಕಾಂತಮ್ಮ ಚೀರಿದ ಚೀರಿಗೆ ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಓಡಿ ಹೋದೆ. ನಾನು ಹೋಗುವಷ್ಟರಲ್ಲಿ ಟೀವಿಯ ಕೆಳಗೆ ಬಂಗಾರದ ರೇಟು ಓಡುತ್ತಿತ್ತು. ಅವಳು ನಿನ್ನ ಸಾಲನ್ನು ಬಾಯಿಪಾಠ ಒಪ್ಪಿಸಿದಳು. ಮೂರು ಸಲ ಹೇಳಿಸಿದೆ.

ಈಗ ನನ್ನ ಮಾತು ಕೇಳು. ಒಳ್ಳೆಯ ಕೆಲಸ ಮಾಡಿದೆ ಎಂದು ನಾನು ನಿನ್ನ ಬೆನ್ನು ತಟ್ಟುವುದಿಲ್ಲ. ಕೆಲಸ ಹೋದದ್ದಕ್ಕೆ ಅಳುವುದೂ ಇಲ್ಲ. ಸಂಕ್ರಾಂತಿಯಲ್ಲಿ ಚಾನಲ್ಲು ತಾನಾಗಿ ಬಾಗಿಲು ತೆಗೆದು ಬಂದು ಕ್ಷಮೆ ಕೇಳಿತು. ನಮಗೆ ನೀನು ಕಿಟಕಿಯಿಂದ ಕದ್ದು ಎಸೆದೆ. ಅದು ನಿನ್ನ ಕ್ಷಮೆ. ತೆಗೆದುಕೊಂಡಿದ್ದೇನೆ. ಚಾನಲ್ಲಿನದು ಇನ್ನೂ ಬರಬೇಕು. ಆ ಮೀಸೆಯವನದೂ ಬರಬೇಕು. "ಹೋಗಲಿ ಬಿಡು ವದಿನಾ" ಎಂದು ಸೂರ್ಯಕಾಂತಮ್ಮ ಸಹ ಹೇಳಲಿಲ್ಲ. ಮುಂದಿನ ಸಲಕ್ಕೆ ಕೊಡೆ ತಗೊಳ್ಳೋಣ ಎಂದಳು.

ಈ ತಿಂಗಳ ಮೊದಲ ಭಾನುವಾರ, ನಿನ್ನ ಸಾಲು ಓಡಿದ ಮರುದಿನ, ಆರಾಧನೆ ಮುಗಿದ ಮೇಲೆ ನಾನೇ ಎದ್ದು ನಿಂತೆ. ಸಭಾಪಾಲಕರಿಗೆ ಹೇಳಿದೆ, "ಮುಂದಿನ ತಿಂಗಳು ದ್ರಾಕ್ಷಿ ನಾ ಕುದಸಾಕಿ. ಕೇಳಾಕ್ ಬಂದಿಲ್ರಿ, ಹೇಳಾಕ್ ಬಂದೀನಿ." ಹಿಂದಿನ ಸಾಲಿನ ಹುಡುಗನೊಬ್ಬ ಮೂಗಿನಲ್ಲಿ ನಕ್ಕ. ಹತ್ತಿರ ಹೋಗಿ ಕೇಳಿದೆ, "ಏನಪಾ, ಏನ್ ನಗಿ ಬಂತು? ನನಗೂ ಹೇಳು, ಕೂಡೇ ನಗೂಣು." ಅವನು ಹಾಡಿನ ಪುಸ್ತಕ ತೆರೆದು ಮುಖಕ್ಕೆ ಹಿಡಿದ. ಮೃಣಾಲಿನಿ ಬಂದು ಒಳಕೋಣೆಯ ಕೀಲಿಯನ್ನು ನನ್ನ ಕೈಗೆ ಇಟ್ಟಳು. ಸಭಾಪಾಲಕರು ಮತ್ತೆ ನೆಲ ನೋಡಿದರು. ನೋಡಲಿ, ಒಳ್ಳೆಯ ನೆಲ.

ಸೆಪ್ಟೆಂಬರ್ ಏಳು ಮೊದಲ ಭಾನುವಾರ. ಶನಿವಾರವೇ ಬಾ. ದ್ರಾಕ್ಷಿ ತೊಳೆಯಲು ಕೈ ಬೇಕು. ಅವತ್ತು ಒಳಕೋಣೆಯ ಬಾಗಿಲು ಹಾಕುವುದಿಲ್ಲ, ಅಗಲಕ್ಕೆ ತೆರೆದಿಡುತ್ತೇನೆ. ನಾನು ಟವೆಲ್ ಹಾಸುತ್ತೇನೆ. ಉಳಿದದ್ದನ್ನು ನೀನು ಕುಡಿಯಬೇಕು. ಎಲ್ಲರ ಎದುರಿಗೆ, ಒಂದೊಂದೇ ಲೋಟ, ಬೋರಲು ಹಾಕಿ, ತಟ್ಟಿ. ನಗುವವರು ನಿನ್ನ ಮುಖ ನೋಡಿಕೊಂಡು ನಗಲಿ. ನಿನಗೆ ನಾಚಿಕೆಯಾಗುತ್ತದೆ. ಆಗಲಿ. ನನಗೂ ಆಗಿತ್ತು.

ಬೆಲ್ಲ ಡಬ್ಬಿಯಲ್ಲೇ ಇದೆ. ಕೊರಿಯರ್ ಮಾಡುವುದಿಲ್ಲ. ಬಂದು ತಿನ್ನು.

ಭೋಜನದ ಮರುದಿನ, ಸೋಮವಾರ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಟಿಕೆಟ್ ತೆಗೆಸಿದ್ದೇನೆ. ಸೂರ್ಯಕಾಂತಮ್ಮನ ಕುರ್ಚಿ, ನನ್ನ ಕುರ್ಚಿ, ಮತ್ತೊಂದು ಮಡಿಚುವ ಕುರ್ಚಿ ಹೊಸದಾಗಿ ತಂದಿದ್ದೇನೆ. ನಿಮ್ಮ ವೆಂಕಟೇಶ ಗಾರು ಆ ಪ್ರಶ್ನೆ ಇನ್ನೊಮ್ಮೆ ಕೇಳಲಿ. ಈ ಸಲ ಗೇಟಿಗೆ ಮೂವರು.

ನಿನ್ನ
ಸುಲೋಚನತ್ತೆ